ಹರಪನಹಳ್ಳಿ ಕಡೆಯ ಹಳೇ ಕಾಗದ ಹುಡುಕುವುದು ಹೇಗೆ: ಮೊದಲು ಇಸವಿ, ಆಮೇಲೆ ಬಸ್ಸು

ಬೇಸಿಗೆಯಲ್ಲಿ ಒಂದು ದಿನ ದೊಡ್ಡಪ್ಪ ಫೋನ್ ಮಾಡಿ, "ತಮ್ಮಾ, ನಮ್ಮಪ್ಪಂದು ಐವತ್ತೊಂದನೇ ಇಸ್ವಿ ಕ್ರಯಪತ್ರದ ನಕಲು ಬೇಕಾಗೈತಿ. ನೀನು ದಾವಣಗೆರೆಯಾಗೇ ಅದೀಯಲ್ಲ, ಅಲ್ಲೇ ಎಲ್ಲಾದ್ರೂ ಕೇಳಿ ನೋಡು" ಅಂದರು. ನಾನೂ ಜಾಣನ ಹಾಗೆ ಹೊರಟೆ. ಒಂದು ಕಚೇರಿಯಲ್ಲಿ ಕೇಳಿದೆ, ಇದು ಹಳೇದು, ಬಳ್ಳಾರಿಗೆ ಹೋಗಿ ಅಂದರು. ಬಳ್ಳಾರಿಗೆ ಹೋದೆ. ಅಲ್ಲಿ ಇನ್ನೊಂದು ಕಚೇರಿಯಲ್ಲಿ, ನೀವೀಗ ನಮ್ಮ ಜಿಲ್ಲೆ ಅಲ್ಲವಲ್ಲ, ಹೊಸಪೇಟೆಯಲ್ಲಿ ವಿಚಾರಿಸಿ ಅಂದರು. ಹೊಸಪೇಟೆಗೂ ಹೋಗಿದ್ದರೆ ಮದ್ರಾಸಿಗೆ ಹೋಗಿ ಅನ್ನುತ್ತಿದ್ದರೋ ಏನೋ. ಕೊನೆಗೆ ಆ ನಕಲು ಸಿಕ್ಕಿದ್ದು ಹರಪನಹಳ್ಳಿಯಲ್ಲೇ, ಉಪನೋಂದಣಿ ಕಚೇರಿಯಲ್ಲಿ. ದೊಡ್ಡಪ್ಪನ ಮನೆಯಿಂದ ಅಲ್ಲಿಗೆ ನಡೆದರೆ ಹತ್ತು ನಿಮಿಷ.

ಎರಡು ದಿನ, ಬಸ್ ಚಾರ್ಜು, ಮಧ್ಯಾಹ್ನದ ಬಿಸಿಲು ಎಲ್ಲ ದಂಡ. ನಿಮಗೆ ಹಾಗಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಹರಪನಹಳ್ಳಿ ತಾಲ್ಲೂಕಿನ ಮೂಲದವರು ದಾವಣಗೆರೆಯಲ್ಲಿ ಸಾವಿರಗಟ್ಟಲೆ ಇದ್ದೇವೆ. ಪಾಲು ಪತ್ರ, ವಂಶವೃಕ್ಷ, ಇನಾಂ ಜಮೀನು, ಅಜ್ಜನ ಶಾಲೆ ದಾಖಲೆ ಅಂತ ಯಾವಾಗಲಾದರೂ ಒಮ್ಮೆ ಹಳೇ ಕಾಗದದ ಹಿಂದೆ ಬೀಳಲೇಬೇಕಾಗುತ್ತದೆ.

ಮೊದಲು ಒಂದು ಚೀಟಿ ಬರೆದುಕೊಳ್ಳಿ

ಬಸ್ ಸ್ಟ್ಯಾಂಡಿಗೆ ಹೋಗುವ ಮುಂಚೆ ಒಂದು ಚೀಟಿಯಲ್ಲಿ ಎರಡೇ ವಿಷಯ ಬರೆದುಕೊಳ್ಳಿ: ಕಾಗದ ಯಾವ ಇಸವಿಯದು, ಮತ್ತು ಆ ಇಸವಿಯಲ್ಲಿ ಹರಪನಹಳ್ಳಿ ಯಾರ ಕೈಯಲ್ಲಿತ್ತು. ಎರಡನೆಯದು ತಮಾಷೆಯ ಪ್ರಶ್ನೆ ಅಲ್ಲ. ನಮ್ಮ ಈ ಒಂದು ತಾಲ್ಲೂಕು ಕೈ ಬದಲಾಯಿಸಿದಷ್ಟು ಸಲ ಮನೆ ಬಾಡಿಗೆಗೆ ಇರುವವರೂ ಮನೆ ಬದಲಾಯಿಸಿರಲಿಕ್ಕಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಮೊದಲು ಇಲ್ಲಿ ಪಾಳೇಗಾರರಿದ್ದರು, ಚಿತ್ರದುರ್ಗದವರ ಹಾಗೆ ಇವರೂ ಬೇಡ ನಾಯಕರೇ. 1799ರಲ್ಲಿ ಟಿಪ್ಪು ಸತ್ತ ಮೇಲೆ ಗೆದ್ದವರು ಮೈಸೂರನ್ನು ಹಂಚಿಕೊಳ್ಳಲು ಕೂತರಲ್ಲ, ಆಗ ಹರಪನಹಳ್ಳಿ, ಸೋಂದೆ, ಆನೆಗೊಂದಿ ಇವನ್ನೆಲ್ಲ ಮರಾಠರ ಪೇಶ್ವೆಗೆ ಅಂತ ಎತ್ತಿಟ್ಟರು. ಪೇಶ್ವೆ ಬೇಡ ಅಂದ. ಅಂದರೆ ನಮ್ಮ ಸೀಮೆ ತಟ್ಟೆಗೆ ಬಡಿಸಿದರೂ ಒಬ್ಬರು ಉಣ್ಣದೆ ಬಿಟ್ಟಿದ್ದು. ಮರು ವರ್ಷವೇ, 1800ರಲ್ಲಿ, ಹೈದರಾಬಾದಿನ ನಿಜಾಮ ಮೈಸೂರಿನ ಯುದ್ಧಗಳಲ್ಲಿ ತನಗೆ ಸಿಕ್ಕಿದ್ದ ಸೀಮೆಯನ್ನೆಲ್ಲ, ನಮ್ಮದನ್ನೂ ಸೇರಿಸಿ, ಕಂಪನಿಗೆ ಬಿಟ್ಟುಕೊಟ್ಟ. ಕಂಪನಿಯ ಸೈನ್ಯ ತನ್ನ ಕಾವಲಿಗಿರುವ ಖರ್ಚಿಗೆ ಅಂತ. ದತ್ತ ಮಂಡಲ ಅಂತ ಓದಿದ್ದೀರಲ್ಲ, ಅದು ಇದೇ. ಥಾಮಸ್ ಮನ್ರೋ ಮೊದಲ ಪ್ರಧಾನ ಕಲೆಕ್ಟರ್, 1807ರ ತನಕ ಇದ್ದ. 1808ರಲ್ಲಿ ಆ ದೊಡ್ಡ ಸೀಮೆಯನ್ನು ಬಳ್ಳಾರಿ, ಕಡಪಾ ಅಂತ ಎರಡು ಜಿಲ್ಲೆ ಮಾಡಿದರು. ಅಲ್ಲಿಂದ ಮುಂದೆ ಹರಪನಹಳ್ಳಿ ಅಂದರೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಒಂದು ತಾಲ್ಲೂಕು.

ಆ ಕಾಲದಲ್ಲಿ ದಾವಣಗೆರೆ, ಜಗಳೂರು, ಹರಿಹರ ಎಲ್ಲ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆ. ತುಂಗಭದ್ರೆ ದಾಟಿದರೆ ರಾಣೆಬೆನ್ನೂರು, ಅದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಒಬ್ಬ ಜವಳಿ ವ್ಯಾಪಾರಿ ಬೆಳಿಗ್ಗೆ ದಾವಣಗೆರೆ ಬಿಟ್ಟು ಹರಪನಹಳ್ಳಿ ಸಂತೆ ಮುಗಿಸಿ ಹೊಳೆ ದಾಟಿದರೆ ಮೂರು ಸರ್ಕಾರಗಳನ್ನು ಮುಟ್ಟಿದ ಲೆಕ್ಕ.

1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿತು. ಅವತ್ತೇ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಹೊಸಪೇಟೆ, ಸಂಡೂರು, ಸಿರುಗುಪ್ಪ, ಬಳ್ಳಾರಿ ಮೈಸೂರಿಗೆ ಬಂದವು. ಗಲಾಟೆ ಎಲ್ಲ ಬಳ್ಳಾರಿ ತಾಲ್ಲೂಕಿನ ಬಗ್ಗೆ. ಅದಕ್ಕೆ ನ್ಯಾಯಮೂರ್ತಿ ಮಿಶ್ರಾ ಅವರ ಪ್ರತ್ಯೇಕ ವಿಚಾರಣೆಯೇ ಆಯಿತು. ಹರಪನಹಳ್ಳಿ ಬಗ್ಗೆ ಯಾರಿಗೂ ತಕರಾರು ಇರಲಿಲ್ಲ, ಸುಮ್ನೆ ಮೈಸೂರಿಗೆ ಬಂತು. ಇಲ್ಲೊಂದು ಗಮನಿಸಿ, ಸುಮಾರು ಜನ "1956ರಲ್ಲಿ ಸೇರಿದ್ದು" ಅಂತ ಅರ್ಜಿಯಲ್ಲಿ ಬರೆಯುತ್ತಾರೆ. 1956ರ ನವೆಂಬರ್ 1 ಧಾರವಾಡ, ರಾಯಚೂರು ಕಡೆಯವರದು. ನಾವು ಅದಕ್ಕಿಂತ ಮೂರು ವರ್ಷ ಮುಂಚೆಯೇ ಬಂದವರು.

ಆಮೇಲೆ 44 ವರ್ಷ ಬಳ್ಳಾರಿ ಜಿಲ್ಲೆಯಲ್ಲೇ. 1997ರ ಆಗಸ್ಟ್ 15ಕ್ಕೆ ಜೆ.ಎಚ್. ಪಟೇಲರ ಸರ್ಕಾರ ದಾವಣಗೆರೆ ಜಿಲ್ಲೆ ಮಾಡಿತು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ, ಬಳ್ಳಾರಿಯಿಂದ ನಮ್ಮ ಹರಪನಹಳ್ಳಿ. ಮೂರು ಮನೆಯ ಮಕ್ಕಳನ್ನು ತಂದು ಒಂದೇ ಪಂಕ್ತಿಯಲ್ಲಿ ಕೂರಿಸಿದ ಹಾಗೆ. ಆಸ್ಪತ್ರೆ, ಕಾಲೇಜು, ಮಂಡಿ ಎಲ್ಲದಕ್ಕೂ ನಮ್ಮವರು ದಾವಣಗೆರೆಗೇ ಬರುತ್ತಿದ್ದದ್ದರಿಂದ ಇದು ಸರಿಯಾಗೇ ಇತ್ತು ಅನ್ನುವುದು ನನ್ನ ಅಭಿಪ್ರಾಯ.

ಆದರೆ 2013ರಲ್ಲಿ ಸಂವಿಧಾನದ 371ಜೆ ಜಾರಿಗೆ ಬಂತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಈ ಆರು ಜಿಲ್ಲೆಯವರಿಗೆ ಓದಿನಲ್ಲಿ, ಕೆಲಸದಲ್ಲಿ ಮೀಸಲಾತಿ. ಹರಪನಹಳ್ಳಿ ಆಗ ದಾವಣಗೆರೆ ಜಿಲ್ಲೆ, ಹಾಗಾಗಿ ಇಲ್ಲ. ಪಕ್ಕದ ಹಡಗಲಿ ಹುಡುಗನಿಗೆ ಸೀಟು, ನಮ್ಮ ಹುಡುಗನಿಗೆ ಇಲ್ಲ. ಹೋರಾಟ ಆಯಿತು. 2018ರಲ್ಲಿ ತಾಲ್ಲೂಕನ್ನು ಮತ್ತೆ ಬಳ್ಳಾರಿಗೆ ಸೇರಿಸಿದರು. ಇನ್ನೇನು ಕೂತೆವು ಅನ್ನುವಷ್ಟರಲ್ಲಿ 2021ರಲ್ಲಿ ವಿಜಯನಗರ ಜಿಲ್ಲೆ ಬಂತು, ಹೊಸಪೇಟೆ ಕೇಂದ್ರ. ಹರಪನಹಳ್ಳಿ ಅಲ್ಲಿಗೆ.

ಒಂದು ತಮಾಷೆ ಹೇಳಲಾ? 371ಜೆ ಸೀಮೆಗೆ ಹೈದರಾಬಾದ್ ಕರ್ನಾಟಕ ಅಂತಿದ್ದರು, 2019ರಿಂದ ಕಲ್ಯಾಣ ಕರ್ನಾಟಕ. ನಮ್ಮ ಊರು ನಿಜಾಮನ ಕೈಯಲ್ಲಿ ಇದ್ದದ್ದು 1800ರ ತನಕ ಒಂದಷ್ಟು ದಿನ ಮಾತ್ರ. ಆಮೇಲೆ ಒಂದು ದಿನವೂ ಹೈದರಾಬಾದಿನದಾಗಿರಲಿಲ್ಲ. ಆದರೂ ಆ ಹೆಸರಿನಿಂದಲೇ ಮಕ್ಕಳಿಗೆ ಅನುಕೂಲ ಆಯಿತು, ನಾನ್ಯಾಕೆ ಕೊಂಕು ತೆಗೆಯಲಿ.

ಜಿಲ್ಲೆ ಓಡಾಡಿತು, ತಾಲ್ಲೂಕು ಕೂತಲ್ಲೇ ಕೂತಿತ್ತು

ಇಷ್ಟೆಲ್ಲ ಕಥೆ ಹೇಳಿದ್ದು ಒಂದೇ ಕಾರಣಕ್ಕೆ. ಈ ಇನ್ನೂರು ವರ್ಷದಲ್ಲಿ ರಾಜ್ಯ ಬದಲಾಯಿತು, ಜಿಲ್ಲೆ ಬದಲಾಯಿತು, ಆದರೆ ತಾಲ್ಲೂಕು ಕೇಂದ್ರ ಹರಪನಹಳ್ಳಿಯಲ್ಲೇ ಉಳಿಯಿತು. ಊರಿನ ಲೆಕ್ಕ, ಖಾತೆ, ನೋಂದಣಿ ಪುಸ್ತಕ, ಶಾಲೆಯ ರಿಜಿಸ್ಟರ್ ಇವೆಲ್ಲ ತಾಲ್ಲೂಕಿನಲ್ಲಿ ಹುಟ್ಟಿ ತಾಲ್ಲೂಕಿನಲ್ಲೇ ಉಳಿಯುವ ಕಾಗದ. ಚದುರಿ ಹೋಗಿದ್ದು ಮೇಲಿನ ಹಂತದ ಕಾಗದ: ಕಲೆಕ್ಟರ್ ಆದೇಶ, ಮೇಲ್ಮನವಿ, ಇನಾಂ ತೀರ್ಮಾನ, ಜಮೀನು ಮಂಜೂರಾತಿಯ ದೊಡ್ಡ ಫೈಲು. ಹಾಗಾಗಿ ಯಾವ ಕಾಗದ ಆದರೂ ಹುಡುಕಾಟ ಹರಪನಹಳ್ಳಿಯಿಂದಲೇ ಶುರು ಮಾಡಿ. ಅಲ್ಲಿ ಇಲ್ಲ ಅಂತ ಖಾತ್ರಿಯಾದ ಮೇಲೆ ಮಾತ್ರ ಚೀಟಿಯ ಇಸವಿ ನೋಡಿ ಮುಂದಿನ ಊರು. 1997ರಿಂದ 2018ರ ನಡುವಿನ ಜಿಲ್ಲಾ ಮಟ್ಟದ ಆದೇಶ ಆದರೆ ದಾವಣಗೆರೆಯನ್ನು ಮರೆಯಬೇಡಿ. 1953ರಿಂದ 1997 ಆದರೆ ಬಳ್ಳಾರಿ. 1953ಕ್ಕೂ ಹಿಂದಿನದಾದರೆ ಬಳ್ಳಾರಿ ಮೊದಲು, ಆಮೇಲೆ ಚೆನ್ನೈ. ಹೊಸಪೇಟೆ ಈಗಿನ ಅರ್ಜಿ, ಈಗಿನ ಮೇಲ್ಮನವಿಗೆ. ಹಳೇ ಕಾಗದಕ್ಕೆ ಅಲ್ಲಿಗೆ ಮೊದಲು ಹೋದರೆ ನನ್ನ ಕಥೆಯೇ ನಿಮ್ಮದೂ.

ಕಾಗದವೇ ತನ್ನ ಊರು ಹೇಳುತ್ತದೆ

ಮನೆಯಲ್ಲಿ ಹಳೇ ಟ್ರಂಕು ಇದ್ದರೆ ಮೊದಲು ಅದನ್ನು ತೆಗೆಯಿರಿ. ಅಜ್ಜಿ ಸೀರೆಯಡಿ ಇಟ್ಟ ಕಂದಾಯದ ರಸೀದಿ, ಹರಿದ ಪಟ್ಟಾ ಒಂದು ಸಿಕ್ಕರೂ ಅರ್ಧ ಕೆಲಸ ಆದ ಹಾಗೆ, ಯಾಕಂದರೆ ಸರ್ವೆ ನಂಬರು ಗೊತ್ತಾಗುತ್ತದೆ. ಆದರೆ ಓದುವಾಗ ಹುಷಾರು. ಮದ್ರಾಸ್ ಕಾಲದ ಕಾಗದದ ಭಾಷೆ ಕನ್ನಡವೇ ಆದರೂ ಲೆಕ್ಕದ ರೀತಿ ಬೇರೆ.

ಮೊದಲನೆಯದು ಫಸಲಿ, ಅಂದರೆ ಕಂದಾಯ ಲೆಕ್ಕದ ವರ್ಷ. ಕಂದಾಯದ ಕಾಗದದಲ್ಲಿ "ಫ. 1360" ಅಂತ ಇದ್ದರೆ ಗಾಬರಿ ಬೇಡ, ಅದು ವಿಜಯನಗರದ ಕಾಲದ್ದಲ್ಲ. ಫಸಲಿ ವರ್ಷಕ್ಕೆ 590 ಕೂಡಿಸಿ, 1950 ಬಂತು. ಫಸಲಿ ಜುಲೈ 1ಕ್ಕೆ ಶುರುವಾಗಿ ಮುಂದಿನ ಜೂನ್ 30ಕ್ಕೆ ಮುಗಿಯುತ್ತದೆ. ಹಾಗಾಗಿ ಫಸಲಿ 1360 ಅಂದರೆ 1950ರ ಜುಲೈನಿಂದ 1951ರ ಜೂನ್. ನಮ್ಮ ಊರು ಮೈಸೂರಿಗೆ ಬಂದದ್ದು ಫಸಲಿ 1363ರಲ್ಲಿ. ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಕಾಗದ ಮದ್ರಾಸಿನದೋ ಮೈಸೂರಿನದೋ ಅಂತ ನೋಡಿದ ತಕ್ಷಣ ಹೇಳಬಹುದು.

ಎರಡನೆಯದು ಸಂವತ್ಸರ. "ವಿಜಯ ಸಂವತ್ಸರದ ಕಾರ್ತಿಕ ಶುದ್ಧ" ಅಂತ ಬರೆದು ಇಸವಿ ಬರೆಯದೆ ಬಿಟ್ಟ ಪತ್ರಗಳು ಇರುತ್ತವೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ವಿಜಯ 1893ರಲ್ಲಿ ಬಂದಿತ್ತು, 1953ರಲ್ಲಿ ಬಂತು, 2013ರಲ್ಲೂ ಬಂತು. ಕಾಗದದ ಸ್ಟಾಂಪ್, ಸಾಕ್ಷಿಗಳ ಹೆಸರು, ಬೆಲೆ ನೋಡಿ ಯಾವ ಸುತ್ತಿನದು ಅಂತ ತೀರ್ಮಾನಿಸಿ. ಎರಡು ಎಕರೆ ಹೊಲ ಎಪ್ಪತ್ತು ರೂಪಾಯಿಗೆ ಅಂತ ಇದ್ದರೆ ಅದು 2013 ಅಲ್ಲ ಅಂತ ಯಾರೂ ಹೇಳಿಕೊಡಬೇಕಿಲ್ಲ ಬಿಡಿ.

ಮೂರನೆಯದು ಅಳತೆ. ಇದರಲ್ಲೇ ಜಾಸ್ತಿ ಜನ ಜಗಳ ಮಾಡಿಕೊಳ್ಳುವುದು. ಹಳೇ ಮೈಸೂರಿನಲ್ಲಿ ಎಕರೆ, ಗುಂಟೆ, 40 ಗುಂಟೆಗೆ ಒಂದು ಎಕರೆ. ಮದ್ರಾಸಿನಲ್ಲಿ ಎಕರೆ, ಸೆಂಟ್ಸ್, 100 ಸೆಂಟ್ಸಿಗೆ ಒಂದು ಎಕರೆ. ಅಂದರೆ ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. "3-20" ಅಂತ ಕಾಗದದಲ್ಲಿ ಇದೆ ಅಂದುಕೊಳ್ಳಿ. ಜಗಳೂರಿನವನ ಲೆಕ್ಕದಲ್ಲಿ ಅದು ಮೂರೂವರೆ ಎಕರೆ. ಹರಪನಹಳ್ಳಿಯವನ ಲೆಕ್ಕದಲ್ಲಿ ಮೂರು ಎಕರೆ ಎಂಟು ಗುಂಟೆ. ವ್ಯತ್ಯಾಸ 12 ಗುಂಟೆ! ನಮ್ಮ ಸೋದರಮಾವ ಜಗಳೂರಿನವರು. ದೊಡ್ಡಪ್ಪನ ಕಾಗದ ಓದಿ, "ಭಾವಾ, ನಿಮ್ಮ ಹೊಲ ಯಾರೋ ಒತ್ತಿದ್ದಾರೆ, ಅಳೆಸಿ" ಅಂತ ಊರೆಲ್ಲ ಎಬ್ಬಿಸಿದ್ದರು. ಯಾರೂ ಒತ್ತಿರಲಿಲ್ಲ. ಕಾಗದ ಸೆಂಟ್ಸಿನಲ್ಲಿತ್ತು, ಮಾವ ಗುಂಟೆಯಲ್ಲಿ ಓದಿದ್ದರು.

ಆಮೇಲೆ ಹೆಸರುಗಳು. ಮೈಸೂರು ಕಡೆ ಶಾನುಭೋಗ, ಮದ್ರಾಸ್ ಕಡೆ ಕರಣಂ. ಇಲ್ಲಿ ಹೋಬಳಿ, ಅಲ್ಲಿ ಫಿರ್ಕಾ. ಅಲ್ಲಿನ ಅಡಂಗಲ್ ಅಂದರೆ ಯಾವ ಸರ್ವೆ ನಂಬರಿನಲ್ಲಿ ಯಾರು ಏನು ಬೆಳೆದರು ಅನ್ನುವ ಊರಿನ ಲೆಕ್ಕ, ಈಗಿನ ಪಹಣಿಯ ಅಜ್ಜ ಅಂದುಕೊಳ್ಳಿ. ಚಿಟ್ಟಾ ಅಂದರೆ ಒಬ್ಬೊಬ್ಬ ಪಟ್ಟಾದಾರನ ಹೆಸರಿನಲ್ಲಿ ಎಷ್ಟು ಜಮೀನು ಅನ್ನುವ ಲೆಕ್ಕ. ಮೈಸೂರು ಸರ್ವೆಯ ಟಿಪ್ಪಣಿ ಇದ್ದ ಜಾಗದಲ್ಲಿ ಮದ್ರಾಸ್ ಸರ್ವೆಯಲ್ಲಿ ಎಫ್‌ಎಂಬಿ, ಅಂದರೆ ಹೊಲದ ಅಳತೆ ಪುಸ್ತಕ. 1964ರ ಭೂಕಂದಾಯ ಕಾಯ್ದೆ ಬಂದ ಮೇಲೆ ಇಡೀ ರಾಜ್ಯಕ್ಕೆ ಒಂದೇ ರೀತಿ ಆಯಿತು. ಅದಕ್ಕೂ ಹಿಂದಿನದು ಬೇಕಾದಾಗ ನೀವು "ಪಹಣಿ ಕೊಡಿ" ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. "ಇಂಥ ಗ್ರಾಮದ, ಇಂಥ ಸರ್ವೆ ನಂಬರಿನ, ಫಸಲಿ ಇಷ್ಟರ ಅಡಂಗಲ್" ಅಂತ ಕೇಳಿ ನೋಡಿ, ರೆಕಾರ್ಡ್ ರೂಮಿನವರು ತಲೆ ಎತ್ತಿ ನಿಮ್ಮ ಮುಖ ನೋಡುತ್ತಾರೆ.

ಯಾವ ಬಾಗಿಲು ಮೊದಲು

ಕ್ರಯ, ಅಡಮಾನ, ನೋಂದಣಿಯಾದ ಪಾಲು ಪತ್ರ ಆದರೆ ಉಪನೋಂದಣಿ ಕಚೇರಿ. ಕಂಪ್ಯೂಟರಿನಲ್ಲಿ ಋಣಭಾರ ಪತ್ರ ಸಿಗುವುದು ಹೆಚ್ಚಾಗಿ 2004ರಿಂದ ಈಚಿನದು, ಅದನ್ನು ಕಾವೇರಿ ಜಾಲತಾಣದಲ್ಲಿ ಮನೆಯಿಂದಲೇ ತೆಗೆಯಬಹುದು. ಅದಕ್ಕೂ ಹಿಂದಿನದು ಪುಸ್ತಕದಲ್ಲಿ, ಕೈಯಿಂದ ಹುಡುಕಬೇಕು. ದಸ್ತಾವೇಜು ನಂಬರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಅಲ್ಲಿ ಎರಡು ಸೂಚಿ ಇರುತ್ತವೆ, ಒಂದು ಮನುಷ್ಯರ ಹೆಸರಿನ ಮೇಲೆ, ಇನ್ನೊಂದು ಆಸ್ತಿಯ ಮೇಲೆ. ಅಜ್ಜನ ಹೆಸರು ಮಾತ್ರ ಹೇಳಿದರೆ ಸಾಲದು, ಕೊಂಡವರ ಹೆಸರು, ಕೊಟ್ಟವರ ಹೆಸರು ಎರಡೂ ಬರೆದುಕೊಂಡು ಹೋಗಿ. ನಮ್ಮ ಕಡೆ ಒಂದೇ ಊರಿನಲ್ಲಿ ಹತ್ತು ಜನ ಕೊಟ್ರಪ್ಪ, ಇಪ್ಪತ್ತು ಜನ ಹನುಮಂತಪ್ಪ ಇರುತ್ತಾರೆ. ಮನೆತನದ ಅಡ್ಡಹೆಸರು ಗೊತ್ತಿದ್ದರೆ ಅದನ್ನೂ ಸೇರಿಸಿ. ನಾನು ನಮ್ಮಜ್ಜನ ಹೆಸರಿನ ಹಿಂದೆ ಮನೆತನದ ಹೆಸರು ಸೇರಿಸಿ ಕೇಳಿದ ಮೇಲೆಯೇ ಆ ಪುಟ ಸಿಕ್ಕಿದ್ದು.

ಅಡಂಗಲ್, ಖಾತೆ, ಮ್ಯುಟೇಶನ್, ಮಂಜೂರಾತಿ ಇವಕ್ಕೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು. ನಕ್ಷೆ, ಎಫ್‌ಎಂಬಿ, ಆಕಾರ್‌ಬಂದ್ ಬೇಕಾದರೆ ಭೂಮಾಪನ ಶಾಖೆ. ಈಗ ಭೂಸುರಕ್ಷಾ ಅಂತ ಒಂದು ಕೆಲಸ ನಡೆಯುತ್ತಿದೆ, ತಾಲ್ಲೂಕು ಕಚೇರಿಗಳ ಹಳೇ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುವುದು. ನಿಮ್ಮ ಫೈಲು ಏರಿದೆಯಾ ಅಂತ ಮೊದಲೇ ಕೇಳಿ, ಏರಿದ್ದರೆ ಧೂಳು ಕುಡಿಯುವ ಕೆಲಸ ತಪ್ಪುತ್ತದೆ. ಹೊಲದಲ್ಲಿ ನಿಂತು ಸರ್ವೆ ನಂಬರು ಯಾವುದು ಅಂತ ನೋಡಲು ದಿಶಾಂಕ್ ಆ್ಯಪ್ ಸಾಕು. ಆದರೆ ಅದು ದಾರಿ ತೋರಿಸಲು ಮಾತ್ರ, ಬದುವಿನ ಜಗಳಕ್ಕೆ ಸಾಕ್ಷಿ ಅಲ್ಲ.

ಆನ್‌ಲೈನಿನಲ್ಲಿ ಹುಡುಕುವಾಗ ಇನ್ನೊಂದು ಎಡವಟ್ಟು ಇದೆ. ಭೂಮಿ ಜಾಲತಾಣದಲ್ಲಿ ದಾವಣಗೆರೆ ಜಿಲ್ಲೆ ಒತ್ತಿ ಹರಪನಹಳ್ಳಿ ಹುಡುಕಿ, ಸಿಗದೆ, ನಮ್ಮ ಜಮೀನೇ ಮಾಯ ಅಂತ ಕೂತವರನ್ನು ಕಂಡಿದ್ದೇನೆ. ಈಗಿನ ಜಿಲ್ಲೆ ವಿಜಯನಗರ, ಅದನ್ನೇ ಒತ್ತಿ. ಆದರೆ ಜನಗಣತಿ ಪುಸ್ತಕ ಹುಡುಕುವಾಗ ಉಲ್ಟಾ: 2001, 2011ರ ಪುಸ್ತಕದಲ್ಲಿ ನಮ್ಮ ಹಳ್ಳಿಗಳು ದಾವಣಗೆರೆ ಜಿಲ್ಲೆಯಲ್ಲಿ, 1961ರಿಂದ 1991ರ ತನಕ ಬಳ್ಳಾರಿಯಲ್ಲಿ, 1951ರದ್ದು ಮದ್ರಾಸ್ ರಾಜ್ಯದ ಪುಸ್ತಕದಲ್ಲಿ. ಇಂಗ್ಲಿಷಿನಲ್ಲಿ ಹುಡುಕಿದರೆ "ಹರ್ಪನಹಳ್ಳಿ" ಅಂತ ಒಂದು ಅಕ್ಷರ ನುಂಗಿ ಬರೆದಿರುತ್ತಾರೆ, ಅದನ್ನೂ ಹಾಕಿ ನೋಡಿ. ಹಾಗೆಯೇ ನಮ್ಮ ತಾಲ್ಲೂಕಿನ ಅರಸೀಕೆರೆ ಹೋಬಳಿಯವರು ಜಾಸ್ತಿ ಹುಷಾರಾಗಿರಬೇಕು. ಅರಸೀಕೆರೆ ಅಂತ ಮಾತ್ರ ಬರೆದರೆ ಅರ್ಜಿ ಹಾಸನ ಜಿಲ್ಲೆಗೆ ಪ್ರವಾಸ ಹೋಗಿ ಬರುತ್ತದೆ.

ದೇವಸ್ಥಾನದ ಪೂಜೆಗೆ, ತಳವಾರಿಕೆಗೆ, ಕೆರೆ ಕೆಲಸಕ್ಕೆ ಅಂತ ಬಿಟ್ಟ ಇನಾಂ ಜಮೀನಿನದ್ದು ಬೇರೆಯೇ ಕಥೆ. ಮದ್ರಾಸಿನಲ್ಲಿ 1858ರಲ್ಲಿ ಇನಾಂ ಕಮಿಷನ್ ಶುರುವಾಗಿ, ಒಂದೊಂದು ಇನಾಮನ್ನೂ ವಿಚಾರಿಸಿ, ಊರ್ಜಿತ ಆದದ್ದಕ್ಕೆ ಟೈಟಲ್ ಡೀಡ್ ಕೊಟ್ಟರು. ಕಾಗದದಲ್ಲಿ "ಟಿ.ಡಿ. ನಂ." ಅಂತ ಇದ್ದರೆ ಅದು ಅದೇ. ಆ ನಂಬರು ಬಂಗಾರ ಇದ್ದ ಹಾಗೆ. ವಿಚಾರಣೆಯ ಪೂರ್ತಿ ವಿವರ ಇನಾಂ ಫೇರ್ ರಿಜಿಸ್ಟರಿನಲ್ಲಿ ಇರುತ್ತದೆ: ಯಾರು ಕೊಟ್ಟದ್ದು, ಯಾವ ಸೇವೆಗೆ, ಆಗ ಯಾರು ಉಣ್ಣುತ್ತಿದ್ದರು, ಎಲ್ಲ. ಊರಿನ ದೇವಸ್ಥಾನದ ಜಮೀನಿನ ತಕರಾರಿನಲ್ಲಿ ಇದಕ್ಕಿಂತ ಗಟ್ಟಿ ಕಾಗದ ಇಲ್ಲ ಅಂತಲೇ ಹೇಳಬಹುದು. ತಾಲ್ಲೂಕು, ಬಳ್ಳಾರಿ ಎರಡರಲ್ಲೂ ಸಿಗದಿದ್ದರೆ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಕೇಳಬೇಕು. ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಿ 1900ರ ಹರಪನಹಳ್ಳಿ ಫೈಲು ಕೇಳಿದರೆ ಏನು ಸಿಗುತ್ತದೆ? ಅಲ್ಲಿರುವುದು ಮೈಸೂರು ಸಂಸ್ಥಾನದ ಕಾಗದ, ಆಗ ನಾವು ಮೈಸೂರಿನವರೇ ಅಲ್ಲ, ಅಲ್ವಾ?

ಶಾಸನ ಹುಡುಕುವವರಿಗೂ ಇದೇ ಮಾತು. ಚಿತ್ರದುರ್ಗ ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟದಲ್ಲಿವೆ. ಅದರಲ್ಲಿ ನಮ್ಮ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯ ಶಾಸನ ಹುಡುಕಿದರೆ ಸಿಗುವುದಿಲ್ಲ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳನ್ನು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ 9ನೇ ಸಂಪುಟದಲ್ಲಿ ಹಾಕಿದ್ದಾರೆ. ದಾವಣಗೆರೆಯಿಂದ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗಕ್ಕೆ ಹುಣ್ಣಿಮೆಗೆ ಹೋಗಿ ಬರುವ ನಾವು, ಅದು ನಮ್ಮ ಊರೇ ಅಂದುಕೊಂಡಿರುತ್ತೇವೆ. ಪುಸ್ತಕದ ಕಪಾಟಿನಲ್ಲಿ ಮಾತ್ರ ಅದು ಇನ್ನೂ ಮದ್ರಾಸಿನಲ್ಲೇ ಇದೆ.

"ನಮ್ಮಲ್ಲಿ ಇಲ್ಲ" ಅಂದರೆ

ಬಾಯಿಮಾತಿನ "ಇಲ್ಲ" ನಂಬಿ ಮುಂದಿನ ಊರಿಗೆ ಹೋಗಬೇಡಿ. ನಾನು ಮಾಡಿದ ತಪ್ಪು ಇದೇ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, ನಮ್ಮ ರಾಜ್ಯದ ನಿಯಮದಲ್ಲಿ 150 ಪದದೊಳಗೆ. 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮಂಥ ಅಲೆಮಾರಿ ತಾಲ್ಲೂಕಿನವರಿಗೆ ಈ ಕಾಯ್ದೆಯಲ್ಲಿ ಒಂದು ಒಳ್ಳೆ ಕಲಂ ಇದೆ, 6(3). ಕೇಳಿದ ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ ಅರ್ಜಿಯನ್ನು ಐದು ದಿನದೊಳಗೆ ಅವರೇ ಅಲ್ಲಿಗೆ ಕಳಿಸಿ, ನಿಮಗೂ ತಿಳಿಸಬೇಕು. ಅಂದರೆ ಬಳ್ಳಾರಿಗೂ ಹೊಸಪೇಟೆಗೂ ಓಡಾಡಬೇಕಾದದ್ದು ನಿಮ್ಮ ಅರ್ಜಿ, ನೀವಲ್ಲ. ಅರ್ಜಿಯ ಕೊನೆಗೆ, "ಈ ದಾಖಲೆ ತಮ್ಮಲ್ಲಿ ಇಲ್ಲದಿದ್ದರೆ ಕಲಂ 6(3)ರಂತೆ ವರ್ಗಾಯಿಸಿ" ಅಂತ ಒಂದು ಸಾಲು ಬರೆಯಿರಿ. ಪದ ಎಣಿಸಿಕೊಳ್ಳಿ ಅಷ್ಟೇ.

ದಾಖಲೆ ನಿಜವಾಗಿಯೂ ಕಳೆದುಹೋಗಿದ್ದರೆ ಅದನ್ನೂ ಬರವಣಿಗೆಯಲ್ಲೇ ತೆಗೆದುಕೊಳ್ಳಿ. "ದಾಖಲೆ ಲಭ್ಯವಿಲ್ಲ" ಅನ್ನುವ ಹಿಂಬರಹವೂ ಮುಂದೆ ಕೋರ್ಟಿನಲ್ಲಿ, ಮೇಲ್ಮನವಿಯಲ್ಲಿ ಕೆಲಸಕ್ಕೆ ಬರುತ್ತದೆ.

371ಜೆ ಪ್ರಮಾಣಪತ್ರಕ್ಕೆ ಹಳೇ ಕಾಗದ ಹುಡುಕುವವರು ಇಷ್ಟು ದೂರ ಹೋಗಬೇಕಿಲ್ಲ. ಅದನ್ನು ಕೊಡುವುದು ಉಪವಿಭಾಗಾಧಿಕಾರಿ, ಅವರ ಕಚೇರಿ ಹರಪನಹಳ್ಳಿಯಲ್ಲೇ ಇದೆ. ನಮ್ಮ ತಂಗಿಯ ಮಗಳಿಗೆ ಮಾಡಿಸುವಾಗ ಜಾಸ್ತಿ ಕೆಲಸಕ್ಕೆ ಬಂದದ್ದು ಶಾಲೆಯ ವ್ಯಾಸಂಗ ಪ್ರಮಾಣಪತ್ರ. ಅದರಲ್ಲಿ "ದಾವಣಗೆರೆ ಜಿಲ್ಲೆ" ಅಂತ ಸೀಲು ಇದ್ದರೆ ಹೆದರಬೇಡಿ, ಆ ವರ್ಷ ಅದೇ ಸರಿ. ತಾಲ್ಲೂಕಿನ ಹೆಸರು ಇದೆಯಾ ನೋಡಿಕೊಳ್ಳಿ ಸಾಕು.

ಪಕ್ಕದವರಿಗೂ ಎರಡು ಮಾತು

ಹೊನ್ನಾಳಿ, ಚನ್ನಗಿರಿಯವರು ಹರಪನಹಳ್ಳಿ ಅಂದಾಕ್ಷಣ ನಗುತ್ತಾರೆ, ಆದರೆ ಅವರದೂ 1997ಕ್ಕಿಂತ ಹಿಂದಿನ ಜಿಲ್ಲಾ ಫೈಲು ಶಿವಮೊಗ್ಗದ್ದೇ. ಅವರ ಪುಣ್ಯ, ಎರಡೂ ಕಡೆ ಮೈಸೂರಿನದೇ ಗುಂಟೆ. ಚಿತ್ರದುರ್ಗದವರೂ ಬೀಗಬೇಕಿಲ್ಲ, 1882ರಲ್ಲಿ ಅವರ ಜಿಲ್ಲೆಯನ್ನೇ ಇಳಿಸಿ ತುಮಕೂರಿನ ಉಪವಿಭಾಗ ಮಾಡಿದ್ದರು, 1886ರಲ್ಲಿ ಮತ್ತೆ ಜಿಲ್ಲೆ ಆಯಿತು. ಆ ನಾಲ್ಕು ವರ್ಷದ ಕಾಗದ ಬೇಕಾದವರು ತುಮಕೂರಿನ ಹೆಸರಿನಲ್ಲೂ ಹುಡುಕಿ. ಎಲ್ಲರಿಗಿಂತ ಪಜೀತಿ ಸಂಡೂರಿನವರದು. ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ ಅದು, ಸುತ್ತಲೂ ಮದ್ರಾಸ್, ನಡುವೆ ಅವರದೇ ರಾಜ್ಯ. 1949ರ ಏಪ್ರಿಲ್ 1ಕ್ಕೆ ಮದ್ರಾಸಿಗೆ ಸೇರಿತು, 1953ರ ಅಕ್ಟೋಬರಿನಲ್ಲಿ ಮೈಸೂರಿಗೆ. ನಾಲ್ಕೂವರೆ ವರ್ಷದಲ್ಲಿ ಮೂರು ಸರ್ಕಾರ. ಅಲ್ಲಿನ 1940ರ ಕಾಗದ ಸಂಸ್ಥಾನದ್ದು, 1950ರದು ಮದ್ರಾಸಿನದು, 1954ರದು ಮೈಸೂರಿನದು.

ಜಿಲ್ಲೆಗಳು ಒಡೆಯುವ ಮುಂಚೆ ನಿಮ್ಮ ಊರು ಯಾವ ಕಡೆ ಇತ್ತು ಅಂತ ಕಾಗದ ಇಲ್ಲದೆಯೂ ಪತ್ತೆ ಹಚ್ಚಬಹುದು, ಪಿನ್‌ಕೋಡ್ ನೋಡಿ. ಪಿನ್‌ಕೋಡ್ ಬಂದದ್ದು 1972ರಲ್ಲಿ, ಆಮೇಲೆ ಜಿಲ್ಲೆ ಬದಲಾದರೂ ಅದು ಬದಲಾಗಲಿಲ್ಲ. ಹರಪನಹಳ್ಳಿಯದು 583131, ಬಳ್ಳಾರಿ ಸಾಲಿನದು. ದಾವಣಗೆರೆ ಜಿಲ್ಲೆಯಲ್ಲಿದ್ದ ಇಪ್ಪತ್ತು ವರ್ಷವೂ ಅದೇ ಇತ್ತು. ಹೊನ್ನಾಳಿ 577217, ಶಿವಮೊಗ್ಗದ ಸಾಲು. ಜಗಳೂರು 577528, ಚಿತ್ರದುರ್ಗದ ಸಾಲು. ಓಟಿನದು ಇನ್ನೊಂದು ತಮಾಷೆ: ಹರಪನಹಳ್ಳಿಯವರ ಜಿಲ್ಲೆ ವಿಜಯನಗರ, ಆದರೆ ಲೋಕಸಭೆಗೆ ಈಗಲೂ ದಾವಣಗೆರೆ ಕ್ಷೇತ್ರ. ದೊಡ್ಡಪ್ಪನ ಮನೆಯ ಮುಂದೆ ಹಳೇ ಬೈಕು ದಾವಣಗೆರೆಯ ಕೆಎ-17, ಹೊಸ ಟ್ರ್ಯಾಕ್ಟರ್ ಹೊಸಪೇಟೆಯ ಕೆಎ-35. ಎರಡೂ ಅದೇ ಜಗುಲಿಯ ಪಕ್ಕ ನಿಂತಿರುತ್ತವೆ.

ಕೊನೆಗೆ, ರೆಕಾರ್ಡ್ ರೂಮಿಗೆ ಹೋಗುವ ದಿನ ಬೆಳಿಗ್ಗೆ ಕಚೇರಿ ತೆಗೆಯುವ ಹೊತ್ತಿಗೇ ಹೋಗಿ, ಮಧ್ಯಾಹ್ನದ ಮೇಲೆ ಹೋದರೆ ನಾಳೆ ಬನ್ನಿ ಅನ್ನುತ್ತಾರೆ. ಆಧಾರ್ ನಕಲು, ಬಿಳಿ ಹಾಳೆ, ಚಿಲ್ಲರೆ, ಓದುವ ಕನ್ನಡಕ ಇಟ್ಟುಕೊಳ್ಳಿ. ಕರಣಂ ಕೈಬರಹ ಓದುವುದು ನಮ್ಮಿಂದ ಆಗದ ಕೆಲಸ, ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಾನು ದೊಡ್ಡಪ್ಪನನ್ನೇ ಕರೆದುಕೊಂಡು ಹೋದೆ. ಎರಡು ಸಾಲು ಓದಿ, ಕೊಟ್ಟವರ ಹೆಸರಿನ ಮೇಲೆ ಬೆರಳಿಟ್ಟು, "ಇವನ ಮೊಮ್ಮಗ ಈಗ್ಲೂ ನಮ್ಮ ಬದುವಿನ ಮ್ಯಾಲೇ ಎತ್ತು ಕಟ್ತಾನ ನೋಡು" ಅಂದರು.